ಜಮೀನಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಸೇರಿದ್ಯಾ? ಲಕ್ಷಣ ಹಿಡಿದು ಹುಡುಕೋ ದಾರಿ

ಎಲೆ ಹಳದಿ ಆಯ್ತು, ಗಿಡ ಏಳ್ತಿಲ್ಲ ಅಂದ ಕೂಡ್ಲೇ "ಫ್ಯಾಕ್ಟರಿ ನೀರಿಂದ ಮಣ್ಣಿಗೆ ವಿಷ ಸೇರಿದೆ" ಅನ್ನೋರು ಬಹಳ ಜನ. ಬೆಳೆ ಹಸಿರಾಗಿ ನಿಂತಿದ್ರೆ "ನಮ್ಮ ಮಣ್ಣಿಗೇನಾಗಿದೆ" ಅಂತ ಸುಮ್ನಾಗೋರು ಇನ್ನೂ ಜಾಸ್ತಿ. ಎರಡೂ ಉಲ್ಟಾ ಲೆಕ್ಕ. ತಾಮ್ರ, ಸತು, ನಿಕ್ಕಲ್ ಮಣ್ಣಲ್ಲಿ ಮಿತಿ ಮೀರಿದ್ರೆ ಮೊದ್ಲು ಗಿಡಾನೇ ಸೊರಗತ್ತೆ, ತಿನ್ನೋ ಮಟ್ಟಕ್ಕೆ ಬರೋದೇ ಇಲ್ಲ, ಹಾಗಾಗಿ ಅವು ಬೆಳೆ ಮೂಲಕ ಮನುಷ್ಯನ ಹೊಟ್ಟೆ ಸೇರೋದು ಕಮ್ಮಿ. ಸೀಸ ಬೇರಿನ ಹತ್ರಾನೇ ಅಂಟ್ಕೊಂಡು ಕೂರತ್ತೆ, ಮೇಲಕ್ಕೆ ಅಷ್ಟಾಗಿ ಏರಲ್ಲ, ನಮ್ಮೊಳಗೆ ಬರೋದು ಧೂಳಾಗಿ, ಕೈಗಂಟಿದ ಮಣ್ಣಾಗಿ. ಕ್ಯಾಡ್ಮಿಯಂ ಹಂಗಲ್ಲ, ಗಿಡಕ್ಕೆ ಒಂದು ಚುಕ್ಕೆನೂ ಬೀಳಿಸದೆ ಸೊಪ್ಪಿಗೂ ಕಾಳಿಗೂ ಏರಿ ಕೂತಿರತ್ತೆ. ಅಂದ್ರೆ ಕಣ್ಣಿಗೆ ಕಾಣೋ ದೋಷ ಬೇರೆ, ಮೈಗೆ ಸೇರೋ ದೋಷ ಬೇರೆ. ಇದೊಂದು ತಲೇಲಿಟ್ಕೊಂಡು ಮುಂದೆ ಓದಿ.

ಅದಕ್ಕೂ ಮುಂಚೆ: ಮಗುವಿಗೆ ಫಿಟ್ಸ್ ಬಂದಿದೆ, ವಾಂತಿ ನಿಲ್ತಿಲ್ಲ, ಮಂಪರು ಮಂಪರಾಗಿದೆ, ನಡೆಯೋವಾಗ ತೂರಾಡ್ತಿದೆ ಅಂದ್ರೆ ಮಣ್ಣು ಟೆಸ್ಟ್ ಅಂತ ಕೂರಬೇಡಿ. ಆಗಿಂದಾಗ್ಲೇ ಆಸ್ಪತ್ರೆಗೆ ಹೋಗಿ, ಹತ್ರ ಬ್ಯಾಟರಿ ಒಡೆಯೋ ಜಾಗ, ಅದಿರು ಪುಡಿ ಮಾಡೋ ಜಾಗ ಏನಾದ್ರೂ ಇದ್ರೆ ಅದನ್ನ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳಿ. ಅವರು ಕೇಳ್ತಾರೆ ಅಂತ ಕಾಯಬೇಡಿ.

ಲಕ್ಷಣ ಏನೂ ಇಲ್ಲ, ಆದ್ರೂ ಅನುಮಾನ

ದುಡ್ಡು ಖರ್ಚಿಲ್ಲದ ಚೆಕ್ ಅಂದ್ರೆ ಜಮೀನಿನ ಇತಿಹಾಸ. ವಯಸ್ಸಾದವರನ್ನ ಕೂರಿಸ್ಕೊಂಡು ಕೇಳಿ, ಈ ಜಾಗದಲ್ಲಿ ಮುಂಚೆ ಏನಿತ್ತು, ನೀರು ಎಲ್ಲಿಂದ ಬರ್ತಿತ್ತು, ಗೊಬ್ಬರ ಅಂತ ಏನೇನು ತಂದು ಸುರಿದ್ರು. ಮೇಲ್ಗಡೆ ಗಣಿ ಅಥವಾ ಅದಿರು ಕರಗಿಸೋ ಘಟಕ ಇದ್ರೆ ಕ್ಯಾಡ್ಮಿಯಂ, ಸೀಸ, ಸತು ಒಟ್ಟಿಗೆ ಬರತ್ವೆ. ಚರ್ಮ ಹದ ಮಾಡೋ ಕಾರ್ಖಾನೆ ನೀರಾದ್ರೆ ಕ್ರೋಮಿಯಂ. ಎಲೆಕ್ಟ್ರೋಪ್ಲೇಟಿಂಗ್ ಆದ್ರೆ ಕ್ರೋಮಿಯಂ ಜೊತೆ ನಿಕ್ಕಲ್, ಕ್ಯಾಡ್ಮಿಯಂ. ನಗರದ ಕೊಳಚೆ ನೀರು ಅಥವಾ ಅದರ ಕೆಸರನ್ನ ವರ್ಷಗಟ್ಟಲೆ ಗೊಬ್ಬರವಾಗಿ ಹಾಕಿದ್ರೆ ಎಲ್ಲದರ ಮಿಕ್ಸ್. ಹಳೇ ಹಣ್ಣಿನ ತೋಟ ಆಗಿದ್ರೆ ಎರಡು ವಿಷಯ ನೋಡಿ: ಡಿಡಿಟಿ ಬರೋಕೆ ಮುಂಚೆ ಹುಳಕ್ಕೆ ಲೆಡ್ ಆರ್ಸೆನೇಟ್ ಹೊಡೀತಿದ್ರು, ಆ ಸೀಸ ಮತ್ತೆ ಆರ್ಸೆನಿಕ್ ಇವತ್ತಿಗೂ ಅಲ್ಲೇ ಇರತ್ತೆ, ಲೋಹ ಕೊಳೆಯೋ ವಸ್ತು ಅಲ್ವಲ್ಲ. ಇನ್ನೊಂದು ಬೋರ್ಡೋ ಮಿಶ್ರಣ (ಮೈಲುತುತ್ತ, ಸುಣ್ಣ ಕಲಸಿದ ರೋಗದ ಔಷಧ), ಅದು ವರ್ಷ ವರ್ಷ ಸಿಂಪಡಿಸಿದ್ರೆ ಮೇಲ್ಮಣ್ಣಲ್ಲಿ ತಾಮ್ರ ಕೂಡ್ತಾ ಹೋಗತ್ತೆ.

ಗೊಬ್ಬರದ ಚೀಲಾನೂ ಬಿಡಬೇಡಿ. ಫಾಸ್ಫೇಟ್ ಗೊಬ್ಬರ ಮಾಡೋ ಶಿಲೆಯಲ್ಲೇ ಕ್ಯಾಡ್ಮಿಯಂ ಇರತ್ತೆ, ಯಾವ ಗಣಿಯ ಶಿಲೆ ಅನ್ನೋದರ ಮೇಲೆ ಎಷ್ಟು ಅನ್ನೋದು ತುಂಬಾ ಬದಲಾಗತ್ತೆ. ಒಂದು ವರ್ಷಕ್ಕೆ ಏನೂ ಆಗಲ್ಲ, ದಶಕಗಳ ಲೆಕ್ಕದಲ್ಲಿ ಏರತ್ತೆ.

ಇತಿಹಾಸದಲ್ಲಿ ಏನೂ ಸಿಗಲಿಲ್ಲ, ಬೆಳೆ ಸರಿ, ಮನೆಯವರು ಸರಿ ಅಂದ್ರೆ ಇಲ್ಲಿಗೇ ನಿಲ್ಲಿಸಿ, ಸುಮ್ನೆ ಹೆದರಿಕೊಂಡು ಲ್ಯಾಬ್‌ಗೆ ದುಡ್ಡು ಸುರೀಬೇಡಿ. ಕುಡಿಯೋ ನೀರು ಬೋರ್‌ವೆಲ್‌ದಾದ್ರೆ ಮಾತ್ರ ಕೆಳಗೆ ನೀರಿನ ಭಾಗ ಓದಿ, ಅದು ಬೇರೆ ಕಥೆ.

ಹೊಸ ಎಲೆ ಹಳದಿ, ಗಿಡ ಕುಳ್ಳ, ಬೇರು ಮೊಂಡು

ಮೊದ್ಲು ಪಿಎಚ್ ನೋಡಿ, ಅಂದ್ರೆ ಮಣ್ಣು ಎಷ್ಟು ಹುಳಿ ಅನ್ನೋ ಅಳತೆ, 7ಕ್ಕಿಂತ ಕೆಳಗಾದ್ರೆ ಹುಳಿ. ಪಿಎಚ್ ಪೇಪರ್ರೋ ಚಿಕ್ಕ ಕಿಟ್ಟೋ ಸಾಕು, ಒಣ ಮಣ್ಣಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು ಮೇಲಿನ ನೀರಲ್ಲಿ ಅದ್ದಿ ನೋಡಿ.

ಎಳೇ ಎಲೆ ಹಳದಿ, ನರ ಮಾತ್ರ ಹಸಿರು, ಪಿಎಚ್ 7.5ಕ್ಕಿಂತ ಮೇಲೆ ಅಂದ್ರೆ ಅದು ಸುಣ್ಣ ಜಾಸ್ತಿ ಇರೋ ಮಣ್ಣಿನ ಮಾಮೂಲಿ ಕಬ್ಬಿಣದ ಕೊರತೆ, ಲೋಹ ಮಾಲಿನ್ಯದ ಯೋಚನೆ ಬಿಡಿ. ಅದೇ ಹಳದಿ ಹುಳಿ ಮಣ್ಣಲ್ಲಿ ಕಂಡ್ರೆ, ಅಂದ್ರೆ ಪಿಎಚ್ 6ಕ್ಕಿಂತ ಕೆಳಗಿದ್ದೂ ಕಬ್ಬಿಣದ ಕೊರತೆ ಥರ ಕಂಡ್ರೆ, ಆಗ ಕಿವಿ ನಿಮಿರಬೇಕು, ಯಾಕಂದ್ರೆ ಹುಳಿ ಮಣ್ಣಲ್ಲಿ ಕಬ್ಬಿಣ ಸಾಮಾನ್ಯವಾಗಿ ಧಾರಾಳ ಸಿಗತ್ತೆ, ಸಿಗ್ತಿಲ್ಲ ಅಂದ್ರೆ ಸತುವೋ ತಾಮ್ರವೋ ನಿಕ್ಕಲ್ಲೋ ಅಡ್ಡ ಬರ್ತಿರಬಹುದು. ಫೆರಸ್ ಸಲ್ಫೇಟ್ ಸಿಂಪಡಿಸಿ "ಹಸಿರಾಯ್ತು, ಕೊರತೆನೇ" ಅಂತ ತೀರ್ಮಾನ ಮಾಡೋರು ಇದ್ದಾರೆ, ಆ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರಲ್ಲ, ಲೋಹದಿಂದ ಬಂದ ಹಳದಿನೂ ಅದಕ್ಕೆ ಸ್ವಲ್ಪ ಹಸಿರಾಗತ್ತೆ.

ಆಮೇಲೆ ಬೇರು. ಗಿಡ ಹಿಡಿದು ಎಳೀಬೇಡಿ, ಸನಿಕೆ ಹಾಕಿ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ನಿಧಾನವಾಗಿ ಅಲ್ಲಾಡಿಸಿ ತೊಳೀರಿ. ಆರೋಗ್ಯದ ಬೇರಾದ್ರೆ ಬಿಳಿ ತುದಿ, ಕೂದಲಿನ ಹಾಗೆ ಸಣ್ಣ ಸಣ್ಣ ಕವಲು, ನೀರಲ್ಲಿ ಹರಡ್ಕೊಳತ್ತೆ. ತಾಮ್ರ ಹೆಚ್ಚಾದ ಮಣ್ಣಿನ ಬೇರು ದಪ್ಪ, ಗಿಡ್ಡ, ಕಂದು ಬಣ್ಣ, ತುದಿ ಉಂಡೆಕಟ್ಟಿದ ಥರ, ಕವಲೇ ಇರಲ್ಲ. ಅದೇ ಗುಂಡಿಯ ಮಣ್ಣಲ್ಲಿ ಎರೆಹುಳು ಇದ್ಯಾ ಅಂತಾನೂ ನೋಡಿ, ಎರೆಹುಳು ತಾಮ್ರ ತಡ್ಕೊಳಲ್ಲ. ಆದ್ರೆ ಪಿಎಚ್ 5ರ ಆಸುಪಾಸು ಅಥವಾ ಇನ್ನೂ ಕೆಳಗಿದ್ರೆ ಅಲ್ಯೂಮಿನಿಯಂ ಕಾಟಕ್ಕೂ ಬೇರು ಹಿಂಗೇ ಮೊಂಡಾಗತ್ತೆ, ಅದು ಮಾಲಿನ್ಯ ಅಲ್ಲ, ಮಣ್ಣಿನ ಸ್ವಭಾವ, ಸುಣ್ಣ ಹಾಕಿದ್ರೆ ಸರಿ ಹೋಗತ್ತೆ.

ಇನ್ನೂ ಡೌಟ್ ಇದ್ರೆ ಕುಂಡ ಪರೀಕ್ಷೆ ಮಾಡಿ: ಒಂದು ಕುಂಡಕ್ಕೆ ಅನುಮಾನದ ಮಣ್ಣು, ಇನ್ನೊಂದಕ್ಕೆ ದೂರದ ಒಳ್ಳೇ ಮಣ್ಣು, ಬೀಜ ಒಂದೇ, ನೀರು ಒಂದೇ, ಬಿಸಿಲು ಒಂದೇ. ಎರಡು ಮೂರು ವಾರಕ್ಕೆ ಎರಡರ ಬೇರನ್ನೂ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಇಲ್ಲ ಅಂದ್ರೆ ಗಿಡ ಕೊಲ್ಲೋ ಮಟ್ಟದ ಲೋಹ ಇಲ್ಲ ಅಂತಷ್ಟೇ ಅರ್ಥ. ಕ್ಯಾಡ್ಮಿಯಂ ಇಲ್ಲ ಅಂತ ಅರ್ಥ ಅಲ್ಲ!

ಭತ್ತದ ಗದ್ದೆಯಲ್ಲಿ ಒಂದು ಸ್ಪೆಷಲ್ ಗುರುತಿದೆ. ಕಟಾವಿಗೆ ಬಂದ್ರೂ ತೆನೆ ಬಗ್ಗದೆ ನೆಟ್ಟಗೆ ನಿಂತಿರತ್ತೆ, ಒಳಗೆ ಜೊಳ್ಳು, ಹೊಟ್ಟಿನ ತುದಿ ಗಿಣಿ ಕೊಕ್ಕಿನ ಹಾಗೆ ಸೊಟ್ಟ. ಇದಕ್ಕೆ ಆರ್ಸೆನಿಕ್ ಒಂದು ಕಾರಣ, ಬೇರೆ ಕಾರಣಾನೂ ಇವೆ. ಕಂಡ್ರೆ ಆ ಗದ್ದೆ ಮಣ್ಣು, ನೀರು ಎರಡನ್ನೂ ಲ್ಯಾಬ್ ಪಟ್ಟಿಗೆ ಸೇರಿಸಿ.

ಬೆಳೆ ಚೆನ್ನಾಗೇ ಇದೆ, ಆದ್ರೆ ಇತಿಹಾಸ ಸರಿ ಇಲ್ಲ

ಇದೇ ನಿಜವಾಗ್ಲೂ ತಲೆಕೆಡಿಸಿಕೊಳ್ಳಬೇಕಾದ ಕೇಸು. ಜಪಾನಿನ ತೊಯಾಮಾದಲ್ಲಿ ಜಿಂಜು ನದಿ ಅಂತ ಇದೆ, ಮೇಲ್ಗಡೆ ಕಮಿಯೋಕಾ ಗಣಿ. ಗಣಿಯ ಕ್ಯಾಡ್ಮಿಯಂ ನದಿಗೆ ಬಂತು, ನದಿಯಿಂದ ಗದ್ದೆಗೆ, ಗದ್ದೆಯಿಂದ ಅಕ್ಕಿಗೆ. ವರ್ಷಗಟ್ಟಲೆ ಅದನ್ನೇ ಉಂಡ ಜನರಲ್ಲಿ, ಅದರಲ್ಲೂ ಹಲವು ಹೆರಿಗೆ ಆಗಿದ್ದ, ಮುಟ್ಟು ನಿಂತ ಹೆಂಗಸರಲ್ಲಿ, ಮೂಳೆ ಮೆತ್ತಗಾಗಿ ಸಣ್ಣ ಪೆಟ್ಟಿಗೂ ಮುರಿಯೋಕೆ ಶುರುವಾಯ್ತು, ನೋವಿಗೆ "ಇತಾಯ್ ಇತಾಯ್" ಅಂತ ಕೂಗ್ತಿದ್ರು, ಕಾಯಿಲೆಗೂ ಅದೇ ಹೆಸರು ನಿಂತ್ಕೊಂಡ್ತು. ಸರ್ಕಾರ ಇದು ಮಾಲಿನ್ಯದ ಕಾಯಿಲೆ ಅಂತ ಒಪ್ಪಿದ್ದು 1968ರಲ್ಲಿ. ಆ ಗದ್ದೆಗಳ ಮಣ್ಣು ಸರಿಮಾಡೋ ಕೆಲಸ 30 ವರ್ಷಕ್ಕೂ ಜಾಸ್ತಿ ನಡೆದು 2012ರಲ್ಲಿ ಮುಗೀತು.

ಕ್ಯಾಡ್ಮಿಯಂ ಕಿಡ್ನಿಯಲ್ಲಿ ಸೇರ್ಕೊಂಡ್ರೆ ಅದರಲ್ಲಿ ಅರ್ಧ ಹೊರಗೆ ಹೋಗೋಕೆ 10ರಿಂದ 30 ವರ್ಷ ಬೇಕು. ಮೈಯಲ್ಲಿ ಕಬ್ಬಿಣ ಕಮ್ಮಿ ಇರೋರು ಇದನ್ನ ಜಾಸ್ತಿ ಹೀರ್ಕೊಳ್ತಾರೆ, ಹಾಗಾಗಿ ಹೆಂಗಸರಿಗೆ ಅಪಾಯ ಹೆಚ್ಚು. ತಂಬಾಕಿನ ಗಿಡಾನೂ ಕ್ಯಾಡ್ಮಿಯಂ ಚೆನ್ನಾಗಿ ಎಳ್ಕೊಳತ್ತೆ, ಹೊಗೆ ಸೇದೋರ ಲೆಕ್ಕ ಡಬಲ್.

ಇಲ್ಲಿ ಮೊದಲ ಚೆಕ್ ಮತ್ತೆ ಪಿಎಚ್. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಕರಗಿ ಬೇರಿಗೆ ಸಿಗತ್ತೆ. ಎರಡನೇದು, ಏನು ಬೆಳೀತೀರಿ ಅನ್ನೋದು. ಸೊಪ್ಪುಗಳು ಮೊದಲ ಸಾಲಲ್ಲಿ, ಗಡ್ಡೆ ಬೇರಿನ ತರಕಾರಿ ಅವುಗಳ ಹಿಂದೆ, ಕಾಯಿ ಹಣ್ಣು ಮತ್ತೆ ದ್ವಿದಳ ಧಾನ್ಯಗಳಲ್ಲಿ ಸಾಮಾನ್ಯವಾಗಿ ಕಮ್ಮಿ. ಮೂರನೇದು, ಭತ್ತ ಆಗಿದ್ರೆ ನೀರು ಯಾವಾಗ ಬಿಡ್ತೀರಿ ಅನ್ನೋದು. ಗದ್ದೆಯಲ್ಲಿ ನೀರು ನಿಂತಿದ್ರೆ ಕ್ಯಾಡ್ಮಿಯಂ ಮಣ್ಣಲ್ಲೇ ಸಿಕ್ಕಾಕ್ಕೊಂಡಿರತ್ತೆ, ತೆನೆ ಬರೋ ಹೊತ್ತಿಗೆ ಬೇಗ ಒಣಗಿಸಿಬಿಟ್ರೆ ಬಿಡುಗಡೆಯಾಗಿ ಕಾಳಿಗೆ ಹೋಗತ್ತೆ. ಆರ್ಸೆನಿಕ್ ಇದಕ್ಕೆ ಪೂರ್ತಿ ವಿರುದ್ಧ, ನೀರು ನಿಂತಷ್ಟೂ ಅದು ಕಾಳಿಗೆ ಏರತ್ತೆ, ನಡುನಡುವೆ ಒಣಗಿಸಿದ್ರೆ ಕಮ್ಮಿಯಾಗತ್ತೆ. ಹಾಗಾಗಿ ಯಾವುದು ಇದೆ ಅಂತ ಗೊತ್ತಿಲ್ಲದೆ ಯಾರೋ ಹೇಳಿದ್ರು ಅಂತ ನೀರಿನ ಪದ್ಧತಿ ಬದಲಾಯಿಸಬೇಡಿ.

ಈ ಕೇಸಲ್ಲಿ ಮಣ್ಣಿನ ಜೊತೆ ಕಾಳು ಅಥವಾ ಸೊಪ್ಪನ್ನೂ ಟೆಸ್ಟ್ ಮಾಡಿಸಲೇಬೇಕು. ಹೋಲಿಸೋಕೆ ಕೋಡೆಕ್ಸ್ (ಆಹಾರದ ಗುಣಮಟ್ಟ ನಿಗದಿ ಮಾಡೋ ಸಂಸ್ಥೆ) ಅಂತರರಾಷ್ಟ್ರೀಯ ಮಿತಿ: ಪಾಲಿಶ್ ಅಕ್ಕಿಯಲ್ಲಿ ಕ್ಯಾಡ್ಮಿಯಂ ಕೆಜಿಗೆ 0.4 ಮಿಗ್ರಾಂ, ಸೊಪ್ಪಿನಲ್ಲಿ 0.2, ಪಾಲಿಶ್ ಅಕ್ಕಿಯಲ್ಲಿ ಇನಾರ್ಗ್ಯಾನಿಕ್ ಆರ್ಸೆನಿಕ್ (ಆರ್ಸೆನಿಕ್‌ನ ಹೆಚ್ಚು ವಿಷದ ರೂಪ) 0.2. ಆಯಾ ದೇಶದ ಮಿತಿ ಇದಕ್ಕಿಂತ ಬಿಗಿ ಇದ್ರೆ ಅದನ್ನೇ ಹಿಡೀರಿ.

ನೀರಿನ ಬಣ್ಣ, ರುಚಿ, ಕೊಡದ ಕಲೆ

ಕೆಂಪು ಕಲೆ ಕೂತ್ರೆ ಅದು ಬಹುಪಾಲು ಕಬ್ಬಿಣ, ಹೆದರೋದೇನಿಲ್ಲ. ಆದ್ರೆ ಬಣ್ಣ ಇಲ್ಲ ಅಂದ್ರೆ ನೀರು ಸರಿ ಅಂತಾನೂ ಅಲ್ಲ: ಆರ್ಸೆನಿಕ್‌ಗೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ಬಾಂಗ್ಲಾದೇಶದಲ್ಲಿ ಕಾಯಿಲೆ ತಪ್ಪಿಸೋಕೆ ಅಂತ ತೋಡಿದ ಕೊಳವೆ ಬಾವಿಗಳಿಂದಾನೇ ಕೋಟ್ಯಂತರ ಜನ ಆರ್ಸೆನಿಕ್ ನೀರು ಕುಡಿದ್ರು, ಅಲ್ಲಿ ಯಾವ ಕಾರ್ಖಾನೆನೂ ಕಾರಣ ಅಲ್ಲ, ನೆಲದಡಿಯ ಪದರದಲ್ಲೇ ಇತ್ತು.

ಕುದಿಸಿದ್ರೆ ಹೋಗತ್ತೆ ಅನ್ನೋದು ತಪ್ಪು. ನೀರು ಆವಿಯಾಗಿ ಲೋಹ ಉಳಿಯೋದ್ರಿಂದ ಇನ್ನೂ ಗಾಢ ಆಗತ್ತೆ. ಮೊದ್ಲು ಸ್ಥಳದಲ್ಲೇ ಆರ್ಸೆನಿಕ್ ನೋಡೋ ಫೀಲ್ಡ್ ಕಿಟ್‌ನಿಂದ ನೋಡಿ, ಬಣ್ಣ ಬಂದ್ರೆ ಲ್ಯಾಬ್‌ಗೆ ಕಳಿಸಿ. ಲೋಹದ ಟೆಸ್ಟ್‌ಗೆ ನೀರಿನ ಬಾಟಲ್‌ಗೆ ನೈಟ್ರಿಕ್ ಆಸಿಡ್ ಹಾಕಿಡಬೇಕು, ಇಲ್ಲಾಂದ್ರೆ ಲೋಹ ಬಾಟಲ್ ಗೋಡೆಗೆ ಅಂಟಿ ರಿಪೋರ್ಟ್ ಕಮ್ಮಿ ತೋರಿಸತ್ತೆ. ಆಸಿಡ್ ಹಾಕಿದ ಬಾಟಲ್ಲನ್ನ ಲ್ಯಾಬಿಂದಾನೇ ತಗೊಳ್ಳಿ, ಮನೇಲಿ ಆ ಸಾಹಸ ಬೇಡ. ಕುಡಿಯೋ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರ್‌ಗೆ ಆರ್ಸೆನಿಕ್ 10 ಮೈಕ್ರೋಗ್ರಾಂ, ಸೀಸ 10, ಕ್ಯಾಡ್ಮಿಯಂ 3. ರಿಪೋರ್ಟ್ ಮಿಲಿಗ್ರಾಂನಲ್ಲಿದ್ರೆ 0.01 ಅಂದ್ರೇನೇ 10 ಮೈಕ್ರೋಗ್ರಾಂ, ಈ ಸೊನ್ನೆ ಲೆಕ್ಕದಲ್ಲಿ ಎಷ್ಟೋ ಜನ ಎಡವ್ತಾರೆ.

ದನ ಕಣ್ಣು ಕಾಣದ ಹಾಗೆ ಆಡ್ತಿದೆ

ಚೆನ್ನಾಗಿದ್ದ ದನ ಇದ್ದಕ್ಕಿದ್ದ ಹಾಗೆ ಬೇಲಿಗೆ ಹೋಗಿ ಡಿಕ್ಕಿ ಹೊಡಿಯತ್ತೆ, ಹಲ್ಲು ಕಡಿಯತ್ತೆ, ಕಿವಿ ರೆಪ್ಪೆ ಅದುರತ್ತೆ, ಗೋಡೆಗೆ ತಲೆ ಒತ್ತಿ ಹಾಗೇ ನಿಲ್ಲತ್ತೆ. ಇದು ಸೀಸದ ವಿಷ ಇರಬಹುದು (ರೇಬಿಸ್‌ನಲ್ಲೂ ಇಂಥ ಲಕ್ಷಣ ಬರೋದ್ರಿಂದ ಬಾಯಿಗೆ ಕೈ ಹಾಕಬೇಡಿ). ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರೋದ್ರೊಳಗೆ ಉಳಿದ ದನಗಳನ್ನ ಆ ಜಾಗದಿಂದ ಬೇರೆ ಕಡೆ ಕಟ್ಟಿ, ಮೇಯೋ ಜಾಗ ಸುತ್ತಿ ನೋಡಿ. ಎಸೆದ ಹಳೇ ಬ್ಯಾಟರಿ, ಟ್ರ್ಯಾಕ್ಟರ್ ಹತ್ತಿ ಒಡೆದ ಬ್ಯಾಟರಿ ಚೂರು, ಸುಟ್ಟ ಕಸದ ಬೂದಿ, ಹಳೇ ಪೇಂಟಿನ ಡಬ್ಬ. ಬ್ಯಾಟರಿಯೊಳಗಿನ ಸೀಸದ ಪ್ಲೇಟನ್ನ ದನಗಳು ನೆಕ್ಕ್ತಾವೆ, ಕರು ಅಂತೂ ಬಿಡೋದೇ ಇಲ್ಲ. ವೈದ್ಯರು ಹೇಳೋವರೆಗೂ ಆ ಹಿಂಡಿನ ಹಾಲು ಮಾರಬೇಡಿ, ಮನೇಲೂ ಬಳಸಬೇಡಿ. ಕೋಳಿನೂ ಮಣ್ಣು ಕೆದಕಿ ತಿನ್ನೋದ್ರಿಂದ ಸೀಸ ಇರೋ ಜಾಗದ ಕೋಳಿ ಮೊಟ್ಟೆಗೂ ಅದು ಬರತ್ತೆ.

ಮನೆಯವರ ಮೈಮೇಲೆ ಕಾಣೋ ಗುರುತು

ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಬರೋವು, ಒಂದೊಂದನ್ನೇ ನೋಡಿ ತೀರ್ಮಾನ ಬೇಡ. ಇತಿಹಾಸ ಮತ್ತೆ ಲಕ್ಷಣ ಎರಡೂ ಕೂಡಿದ್ರೆ ಡಾಕ್ಟರ್ ಹತ್ರ ಹೋಗಿ.

ಎದೆ ಬೆನ್ನಿನ ಮೇಲೆ ಸಣ್ಣ ಕಪ್ಪು ಚುಕ್ಕೆ, ನಡುನಡುವೆ ಬಿಳಿ ಚುಕ್ಕೆ, ಅಂಗೈ ಅಂಗಾಲಲ್ಲಿ ಆಣಿಯಂಥ ಗಟ್ಟಿ ಗಂಟು ಎರಡೂ ಕಡೆ ಸಮವಾಗಿ ಬಂದಿದ್ರೆ ಆರ್ಸೆನಿಕ್ ಅನುಮಾನ. ಇದು ಕಾಣೋಕೆ ಕಮ್ಮಿ ಅಂದ್ರೂ 5 ವರ್ಷ ಆ ನೀರು ಕುಡಿದಿರಬೇಕು ಅಂತಾರೆ, ಅಂದ್ರೆ ಕಾಣೋ ಹೊತ್ತಿಗೆ ತಡ ಆಗಿರತ್ತೆ, ಮುಂದೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇರೋದ್ರಿಂದ ಫಾಲೋಅಪ್ ತಪ್ಪಿಸಬಾರದು. ಯೂರಿನ್ ಟೆಸ್ಟ್ ಮಾಡಿಸೋಕೆ ಮುಂಚೆ ಎರಡು ಮೂರು ದಿನ ಸಮುದ್ರದ ಮೀನು, ಸಿಗಡಿ ಬಿಡಿ, ಅದರಲ್ಲಿರೋ ಅಪಾಯ ಇಲ್ಲದ ಆರ್ಸೆನಿಕ್ ರಿಪೋರ್ಟನ್ನ ಕೆಡಿಸತ್ತೆ.

ಮಗು ಮಂಕು, ಸಿಡುಕು, ಹೊಟ್ಟೆನೋವು, ಮಲಬದ್ಧತೆ, ಕಬ್ಬಿಣದ ಸಿರಪ್ ಕೊಟ್ರೂ ಏರದ ರಕ್ತಹೀನತೆ, ಓದಿದ್ದು ನಿಲ್ಲಲ್ಲ: ಸೀಸ. ಒಂದೇ ಪ್ರಮಾಣ ನುಂಗಿದ್ರೂ ಚಿಕ್ಕ ಮಕ್ಕಳು ದೊಡ್ಡವರಿಗಿಂತ 4-5 ಪಟ್ಟು ಹೀರ್ಕೊಳ್ತಾರೆ, ಮೇಲಿಂದ ಕೈ ಸದಾ ಬಾಯಲ್ಲಿ. ದೊಡ್ಡವರಲ್ಲಿ ಬಿಪಿ, ಹೊಟ್ಟೆ ಹಿಡ್ಕೊಳ್ಳೋದು, ತೀವ್ರ ಆದ್ರೆ ಮಣಿಕಟ್ಟು ಎತ್ತೋಕಾಗದೆ ಕೈ ಜೋತುಬೀಳೋದು. ಮಾಡಿಸಬೇಕಾದ್ದು ರಕ್ತದ ಸೀಸದ ಟೆಸ್ಟ್. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದ್ರೇನೇ ಮೂಲ ಹುಡುಕಿ ನಿಲ್ಲಿಸಿ ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ, ಸುರಕ್ಷಿತ ಮಟ್ಟ ಅಂತ ಒಂದಿಲ್ಲ. 2010ರಲ್ಲಿ ನೈಜೀರಿಯಾದ ಜಂಫಾರಾದಲ್ಲಿ ಚಿನ್ನಕ್ಕಾಗಿ ಸೀಸ ತುಂಬಿದ ಅದಿರನ್ನ ಮನೆ ಅಂಗಳದಲ್ಲೇ ಪುಡಿ ಮಾಡಿದ್ದಕ್ಕೆ 400ಕ್ಕೂ ಹೆಚ್ಚು ಮಕ್ಕಳು ಸತ್ರು, ಬಹುಪಾಲು ಧೂಳಿಂದ.

ಸೊಂಟ, ಮೂಳೆ ನೋವು, ಜೊತೆಗೆ ಯೂರಿನ್‌ನಲ್ಲಿ ಪ್ರೋಟೀನ್ ಅಂದ್ರೆ ಕ್ಯಾಡ್ಮಿಯಂ ಯೋಚನೆ ಮಾಡಬಹುದು. ಮಾಮೂಲಿ ಡಿಪ್‌ಸ್ಟಿಕ್ ಇದನ್ನ ಹಿಡಿಯದೇ ಇರಬಹುದು, ಸಣ್ಣ ಪ್ರೋಟೀನ್‌ಗೆ ಬೀಟಾ-2 ಮೈಕ್ರೋಗ್ಲೋಬುಲಿನ್ ಅಂತ ಬೇರೆ ಟೆಸ್ಟ್ ಇದೆ, ಯೂರಿನ್ ಕ್ಯಾಡ್ಮಿಯಂ ಜೊತೆ ಕೇಳಿ ಮಾಡಿಸಿ.

ಪಾದರಸದ ಬಗ್ಗೆ ಒಂದೇ ಮಾತು, ಔಷಧ ಸವರಿದ ಬಿತ್ತನೆ ಬೀಜ ತಿನ್ನಬೇಡಿ. 1971-72ರಲ್ಲಿ ಇರಾಕ್‌ನಲ್ಲಿ ಮೀಥೈಲ್ ಪಾದರಸ ಸವರಿದ ಗೋಧಿ ಬೀಜಾನ ಜನ ರೊಟ್ಟಿ ಮಾಡಿ ತಿಂದ್ರು, ಬಣ್ಣ ತೊಳೆದು ಹೋದ್ರೆ ವಿಷಾನೂ ಹೋಯ್ತು ಅಂದ್ಕೊಂಡ್ರು. ಬಣ್ಣ ಹೋಯ್ತು, ಪಾದರಸ ಉಳೀತು. 6,000ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು.

ಇನ್ನು ಕೂದಲು ಟೆಸ್ಟ್ ಮಾಡಿ 20 ಲೋಹ ಪತ್ತೆ ಹಚ್ತೀವಿ, ಡಿಟಾಕ್ಸ್ ಪೌಡರ್ ಕೊಡ್ತೀವಿ ಅನ್ನೋರನ್ನ ನಂಬಬೇಡಿ. ಲೋಹ ತೆಗೆಯೋ ಚಿಕಿತ್ಸೆಗೆ ಕೀಲೇಶನ್ ಅಂತಾರೆ, ಅದು ಆಸ್ಪತ್ರೆಯಲ್ಲಿ, ರಕ್ತದ ಮಟ್ಟ ನೋಡಿ ಕೊಡೋದು, ಮಕ್ಕಳಿಗೆ ರಕ್ತದ ಸೀಸ ಡೆಸಿಲೀಟರ್‌ಗೆ 45 ಮೈಕ್ರೋಗ್ರಾಂ ಮುಟ್ಟಿದ್ರೆ. ತಪ್ಪು ಔಷಧ ಹೋದ್ರೆ ಕ್ಯಾಲ್ಸಿಯಂ ಕುಸಿದು ಜೀವ ಹೋಗತ್ತೆ, ಹೋಗಿದೆ ಕೂಡ. ದಿನಾ ಸೇರ್ತಿರೋ ಕ್ಯಾಡ್ಮಿಯಂಗಂತೂ ಅಂಥ ಚಿಕಿತ್ಸೆನೇ ಇಲ್ಲ, ಮೂಲ ನಿಲ್ಲಿಸೋದೊಂದೇ.

ಲ್ಯಾಬ್‌ಗೆ ಕಳಿಸೋ ಹಂತ

ಇಲ್ಲಿಂದ ದುಡ್ಡಿನ ಕೆಲಸ, ಹಾಗಾಗಿ ಸ್ಯಾಂಪಲ್ ಸರಿಯಾಗಿರಲಿ. ಹೊಲದಲ್ಲಿ ಅಂಕುಡೊಂಕಾಗಿ ನಡೀತಾ 10-15 ಕಡೆ, ಮೇಲಿನ ಕಸ ಸರಿಸಿ, 15-20 ಸೆಂಟಿಮೀಟರ್ ಆಳದವರೆಗೂ ಮಣ್ಣು ತೆಗೆದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮಿಕ್ಸ್ ಮಾಡಿ. ಸತು ಲೇಪದ ಬಕೆಟ್, ಪೇಂಟ್ ಹೊಡೆದ ಸಲಿಕೆ ಬೇಡ, ಅದರದ್ದೇ ಲೋಹ ರಿಪೋರ್ಟಿಗೆ ಬರತ್ತೆ. ಕಾಲುವೆ ಬಾಯಿ, ರಸ್ತೆ ಬದಿ, ಹಳೇ ಕಸದ ಗುಂಡಿ ಇವನ್ನ ಬೇರೆ ಬೇರೆ ಚೀಲದಲ್ಲಿಡಿ, ಎಲ್ಲಾ ಕಲಸಿದ್ರೆ ಕೆಟ್ಟ ಜಾಗ ಸರಾಸರಿಯಲ್ಲಿ ಮುಳುಗಿ ಹೋಗತ್ತೆ. ದೂರದ, ಅನುಮಾನ ಇಲ್ಲದ ಜಾಗದ್ದೂ ಒಂದು ಚೀಲ ಹೋಲಿಕೆಗೆ ಇರಲಿ. ಒಣ ಮಣ್ಣಾದ್ರೆ ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ದೂರ ಇಡಿ, ಆ ಬಟ್ಟೆ ಬೇರೆ ಒಗೀರಿ.

ಲ್ಯಾಬ್‌ನಲ್ಲಿ ಮಾಮೂಲಿ ಸಾರಜನಕ-ರಂಜಕ-ಪೊಟ್ಯಾಶ್ ಟೆಸ್ಟ್ ಕೊಟ್ರೆ ಲೋಹ ಗೊತ್ತಾಗಲ್ಲ, ಹೆಸರು ಹೇಳಿ ಕೇಳಬೇಕು. ರಿಪೋರ್ಟ್ ಬಂದಾಗ ಮೊದ್ಲು ನೋಡಬೇಕಾದ್ದು "ಟೋಟಲ್" ಲೆಕ್ಕವೋ "ಡಿಟಿಪಿಎ" ಲೆಕ್ಕವೋ ಅಂತ. ಡಿಟಿಪಿಎ ಅಂದ್ರೆ ಗಿಡಕ್ಕೆ ಸಿಗೋ ಭಾಗ ಮಾತ್ರ, ಅದನ್ನ ಟೋಟಲ್ ಮಿತಿ ಜೊತೆ ಹೋಲಿಸಿ "ಸೇಫ್" ಅಂತ ಖುಷಿಪಡೋದು ದೊಡ್ಡ ಎಡವಟ್ಟು. ಕ್ರೋಮಿಯಂ ಇದ್ರೆ ಅದರಲ್ಲಿ ಹೆಕ್ಸಾವೇಲೆಂಟ್ ಅನ್ನೋ ರೂಪ ಎಷ್ಟು ಅಂತ ಕೇಳಿ, ವಿಷ ಅದು. "ಬಿಡಿಎಲ್" ಅಂತ ಬರೆದಿದ್ರೆ ಸೊನ್ನೆ ಅಲ್ಲ, ಆ ಯಂತ್ರಕ್ಕೆ ಕಾಣಲಿಲ್ಲ ಅಂತ. ಮಾಲಿನ್ಯ ಇಲ್ಲದ ಮಣ್ಣಲ್ಲಿ ಕ್ಯಾಡ್ಮಿಯಂ ಕೆಜಿಗೆ 1 ಮಿಗ್ರಾಂಗಿಂತ ಕಮ್ಮಿನೇ ಇರತ್ತೆ, ಲ್ಯಾಬಿನ ಯಂತ್ರಾನೇ 1ರಿಂದ ಶುರುವಾದ್ರೆ ಆ ಬಿಡಿಎಲ್‌ಗೆ ಬೆಲೆ ಇಲ್ಲ.

ರಿಪೋರ್ಟ್‌ನಲ್ಲಿ ಬಂದೇಬಿಟ್ಟಿದೆ

ಮೊದ್ಲು ಬರ್ತಿರೋದನ್ನ ನಿಲ್ಲಿಸಿ: ಆ ನೀರು, ಆ ಕೆಸರು, ಆ ಗೊಬ್ಬರ. ಕ್ಯಾಡ್ಮಿಯಂ, ಸೀಸ, ಸತು, ತಾಮ್ರ ಆದ್ರೆ ಸುಣ್ಣ ಹಾಕಿ ಪಿಎಚ್ 6.5-7ಕ್ಕೆ ತನ್ನಿ, ಚೆನ್ನಾಗಿ ಕೊಳೆತ ಗೊಬ್ಬರ ಸೇರಿಸಿ, ಲೋಹ ಮಣ್ಣಲ್ಲೇ ಉಳಿಯತ್ತೆ ಆದ್ರೆ ಬೇರಿಗೆ ಸಿಗೋದು ಕಮ್ಮಿ ಆಗತ್ತೆ. ಆರ್ಸೆನಿಕ್‌ಗೆ ಸುಣ್ಣ ಕೆಲಸ ಮಾಡಲ್ಲ, ಪಿಎಚ್ ಏರಿದ್ರೆ ಅದು ಇನ್ನೂ ಸಡಿಲ ಆಗಬಹುದು, ಫಾಸ್ಫೇಟ್ ಸುರಿದ್ರೂ ಹಾಗೇ. ಸೊಪ್ಪು, ಗಡ್ಡೆ ಬಿಟ್ಟು ಕಾಯಿ ಬೆಳೆಗೋ ನಾರು, ಹೂವಿಗೋ ಹೋಗಿ. ಸೀಸ ಆದ್ರೆ ಬರಿ ಮಣ್ಣು ಕಾಣದ ಹಾಗೆ ಹುಲ್ಲೋ ಹೊದಿಕೆಯೋ ಇರಲಿ, ಚಪ್ಪಲಿ ಹೊರಗೆ ಬಿಡಿ, ತರಕಾರಿ ತೊಳೆದು ಗಡ್ಡೆ ಸಿಪ್ಪೆ ತೆಗೆದು ಬಳಸಿ.

ಗಿಡ ಬೆಳೆಸಿ ಲೋಹ ತೆಗೆಯೋದು ನಿಜ, ಆರ್ಸೆನಿಕ್ ಎಳ್ಕೊಳ್ಳೋ ಒಂದು ಜಾತಿ ಜರೀಗಿಡ 2001ರಲ್ಲಿ ಪತ್ತೆಯಾಯ್ತು, ಆದ್ರೆ ವರ್ಷಗಟ್ಟಲೆ ಕೆಲಸ ಅದು, ಕೊಯ್ದ ಗಿಡಾನೇ ವಿಷದ ಕಸ ಆಗತ್ತೆ, ಸುಡೋ ಹಾಗಿಲ್ಲ, ದನಕ್ಕೆ ಹಾಕೋ ಹಾಗಿಲ್ಲ. ಮೇಲ್ಮಣ್ಣು ತೆಗೆಯೋದು, ರಾಸಾಯನಿಕದಿಂದ ತೊಳೆಯೋದು ಸ್ವಂತ ಮಾಡೋ ಕೆಲಸ ಅಲ್ಲ, ಅಲ್ಲಿ ನಿಲ್ಲಿಸಿ ಕೃಷಿ ಇಲಾಖೆ ಮತ್ತೆ ಮಾಲಿನ್ಯ ನೋಡ್ಕೊಳ್ಳೋ ಇಲಾಖೆಗೆ ಬರೆದು ಕೊಡಿ.

ಕಾಳು ಮಿತಿ ಮೀರಿದ್ರೆ ಬೇರೆ ಕಾಳಿನ ಜೊತೆ ಬೆರೆಸಿ ಮಾರೋದು ಬೇಡ. ಕಳಿಸಿದ ಪ್ರತಿ ಸ್ಯಾಂಪಲ್‌ನ ಅರ್ಧ ಒಣಗಿಸಿ, ತಾರೀಖು ಜಾಗ ಬರೆದು, ಸೀಲ್ ಮಾಡಿ ಇಟ್ಕೊಳ್ಳಿ. ನಾಳೆ ಮೇಲ್ಗಡೆಯ ಗಣಿ, ಕಾರ್ಖಾನೆಯವರು "ನಮ್ಮದಲ್ಲ" ಅಂದಾಗ ಎರಡನೇ ಲ್ಯಾಬ್‌ಗೆ ಕಳಿಸೋಕೆ ಅದೇ ಬೇಕಾಗೋದು.